ಚಿತ್ರದ ಪಕ್ಕದ ಕೆಂಪು ಚುಕ್ಕೆ

ಈ ಸಲ ಬಂದ ಪತ್ರಗಳಲ್ಲಿ ಚಾಮರಾಜಪೇಟೆಯ ಏಳನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು ಚಿಕ್ಕದಾಗಿತ್ತು, ನೇರವಾಗಿತ್ತು. ‘ಅಜ್ಜಿ, ನನಗೆ ಚಿತ್ರ ಬಿಡಿಸೋದು ಇಷ್ಟ. ಪೇಂಟಿಂಗ್ ಪ್ರದರ್ಶನಕ್ಕೆ ಕರ್ಕೊಂಡು ಹೋಗಿ ಅಂದ್ರೆ ಅಪ್ಪ ಬೇಡ ಅಂತಾರೆ. ಅದು ದುಡ್ಡಿರೋರು, ಇಂಗ್ಲಿಷ್ ಮಾತಾಡೋರು ಹೋಗೋ ಜಾಗ ಅಂತೆ. ನಿಜಾನಾ?’

ನಿಜ ಅಲ್ಲ ಕಂದಾ. ಆದರೆ ನಿಮ್ಮ ಅಪ್ಪ ಹಾಗೆ ಅಂದದ್ದರಲ್ಲಿ ಆಶ್ಚರ್ಯವೂ ಇಲ್ಲ. ಗಾಜಿನ ಬಾಗಿಲು, ಒಳಗೆ ಬಿಳೀ ಗೋಡೆ, ತಣ್ಣಗಿನ ದೀಪ, ಮೂಲೆಯಲ್ಲಿ ಪಿಸುಪಿಸು ಮಾತಾಡುವ ನಾಲ್ಕು ಜನ. ಇಷ್ಟು ಕಂಡರೆ ನಮ್ಮಂಥವರ ಕಾಲು ತಾನೇ ಹಿಂದೆ ಸರಿಯುತ್ತದೆ. ದೇವಸ್ಥಾನಕ್ಕಾದರೆ ಚಪ್ಪಲಿ ಎಲ್ಲಿ ಬಿಡಬೇಕು, ಎಷ್ಟು ಸುತ್ತು ಹಾಕಬೇಕು ಅಂತ ಗೊತ್ತು. ಗ್ಯಾಲರಿಯಲ್ಲಿ ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಈ ವಾರ ಅದನ್ನೇ ಹೇಳುತ್ತೇನೆ.

ನಮ್ಮ ಮನೆ ಇರುವುದು ಗಾಂಧಿನಗರದಲ್ಲಿ. ಆನಂದರಾವ್ ಸರ್ಕಲ್ ದಾಟಿ, ರೇಸ್ ಕೋರ್ಸ್ ರಸ್ತೆ ಹಿಡಿದು, ಶಿವಾನಂದ ಸರ್ಕಲ್ ಕಡೆಗೆ ನಡೆದರೆ ಕುಮಾರಕೃಪಾ ರಸ್ತೆ. ಅಲ್ಲಿದೆ ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಶುರುವಾದದ್ದು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಎಂ.ಎಸ್. ನಂಜುಂಡರಾವ್. ಅವರಿಗೆ ತೊಗಲುಗೊಂಬೆಯ ಹುಚ್ಚು. ಹಳ್ಳಿಹಳ್ಳಿಯ ಗೊಂಬೆಗಳು ಅಲ್ಲಿ ಬಂದು ಸೇರಿವೆ. ಹತ್ತು ತಲೆಯ ರಾವಣನ ಹಿಂದೆ ದೀಪ ಬೆಳಗಿದಾಗ ಚರ್ಮ ಕೆಂಪಗೆ, ಹಸಿರಗೆ ಹೊಳೆಯುವುದನ್ನು ನೋಡಿಯೇ ತೀರಬೇಕು. ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳ ಗ್ಯಾಲರಿಯೂ ಅಲ್ಲೇ ಇದೆ. ರಷ್ಯಾದವರು. ನಮ್ಮ ಕಾಲದ ಸಿನಿಮಾ ತಾರೆ ದೇವಿಕಾ ರಾಣಿಯನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದರು. ಈ ಹೆಸರು ಕೇಳಿದ ಕೂಡಲೇ ಅಜ್ಜಂದಿರ ಮುಖ ಅರಳುತ್ತದೆ ಅಂತ ನನಗೆ ಗೊತ್ತು.

ಇವು ಸದಾ ಇರುವ ಸಂಗ್ರಹ. ಇವಲ್ಲದೆ, ಕಲಾವಿದರು ಕೆಲವು ದಿನಗಳ ಮಟ್ಟಿಗೆ ಬಾಡಿಗೆ ಹಿಡಿಯುವ ಹಾಲ್‌ಗಳೂ ಅಲ್ಲಿವೆ. ಒಂದು ಪ್ರದರ್ಶನ ಇಳಿಯುತ್ತಲೇ ಇನ್ನೊಂದು ಏರುತ್ತದೆ. ಮೊದಲ ದಿನ ಉದ್ಘಾಟನೆ. ಅದಕ್ಕೆ ಕರೆಯೋಲೆ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಾಗಿಲ್ಲ. ಬಾಗಿಲಲ್ಲಿ ಹೆಸರು ಕೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ನನ್ನ ಮೊಮ್ಮಗಳನ್ನು ಕರೆದುಕೊಂಡು ಹೀಗೇ ಒಂದು ಸಂಜೆ ಹೋಗಿದ್ದೆ. ದೀಪ ಹಚ್ಚಿದರು. ಹಾರದ ಬದಲು ಪುಸ್ತಕ ಕೊಟ್ಟರು. ಮುಖ್ಯ ಅತಿಥಿಗಳು ಎರಡು ಮಾತು ಅಂತ ಹೇಳಿ ಇಪ್ಪತ್ತು ನಿಮಿಷ ಮಾತಾಡಿದರು. (ಈ ವಿಷಯದಲ್ಲಿ ಚಿತ್ರಕಲೆಗೂ ಶಾಲಾ ವಾರ್ಷಿಕೋತ್ಸವಕ್ಕೂ ವ್ಯತ್ಯಾಸವಿಲ್ಲ.) ಆಮೇಲೆ ಕಾಫಿ, ಬಿಸ್ಕತ್ತು.

ಅವತ್ತಿನ ಕಲಾವಿದ ಬಯಲುಸೀಮೆಯ ಕಡೆಯ ಹುಡುಗ. ಅವನ ಮೊದಲ ಪ್ರದರ್ಶನ ಅದು. ಊರಿನಿಂದ ಅವನ ತಾಯಿ ಬಂದಿದ್ದರು. ಹೊಸ ಸೀರೆ ಉಟ್ಟು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಆಕೆ ಚಿತ್ರ ನೋಡುತ್ತಿರಲಿಲ್ಲ. ಚಿತ್ರ ನೋಡುತ್ತಿದ್ದವರ ಮುಖ ನೋಡುತ್ತಿದ್ದರು. ಯಾರಾದರೂ ಒಂದು ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಆಕೆಯ ಬೆನ್ನು ನೆಟ್ಟಗಾಗುತ್ತಿತ್ತು.

‘ಅಜ್ಜಿ, ಈ ಎಮ್ಮೆ ಚಿತ್ರದ ಪಕ್ಕ ಮಾತ್ರ ಕೆಂಪು ಬಿಂದಿ ಅಂಟಿಸಿದಾರಲ್ಲ, ಯಾಕೆ?’ ಅಂದಳು ನನ್ನ ಮೊಮ್ಮಗಳು.

ನನಗಿಂತ ಮೊದಲು ಆ ತಾಯಿಯೇ ಉತ್ತರ ಕೊಟ್ಟರು. ‘ಅದು ಮಾರಾಟ ಆಗೇತವ್ವಾ. ಹಂಗಂತ ಗುರ್ತು.’

ಮಕ್ಕಳೇ, ಈ ಕೆಂಪು ಚುಕ್ಕೆ ನೋಡಲು ಸಣ್ಣದು, ಅದರ ಭಾರ ಮಾತ್ರ ಬಹಳ. ಬಟ್ಟೆ, ಬಣ್ಣ, ಚೌಕಟ್ಟು, ಊರಿನಿಂದ ಚಿತ್ರ ತರುವ ಗಾಡಿ, ಹಾಲ್‌ ಬಾಡಿಗೆ, ಕರೆಯೋಲೆಯ ಅಚ್ಚು, ಆ ಕಾಫಿ ಬಿಸ್ಕತ್ತಿನ ಖರ್ಚು ಕೂಡ ಕಲಾವಿದನದೇ. ಚುಕ್ಕೆ ಬೀಳದಿದ್ದರೆ ಚಿತ್ರಗಳನ್ನು ಮತ್ತೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅದೇ ಗಾಡಿಯಲ್ಲಿ ವಾಪಸ್ ಒಯ್ಯಬೇಕು. ಇದನ್ನು ಹೇಳಿದ ಮೇಲೆ ನನ್ನ ಮೊಮ್ಮಗಳಿಗೆ ಸಮಾಧಾನವೇ ಇಲ್ಲ. ಕೊನೆಯ ದಿನ ಮತ್ತೆ ಹೋಗೋಣ ಅಂತ ಹಟ ಹಿಡಿದಳು. ಹೋದೆವು. ಚುಕ್ಕೆ ಮೂರಾಗಿತ್ತು. ಬಾಡಿಗೆ ಹೊರಟಿತು, ಚೌಕಟ್ಟಿನವನ ಬಾಕಿ ಉಳಿದಿದೆ ಅಂತ ಆ ಹುಡುಗ ನಗುತ್ತಲೇ ಹೇಳಿದ. ಬಾಗಿಲ ಬಳಿ ಇಟ್ಟಿದ್ದ ಅಭಿಪ್ರಾಯದ ಪುಸ್ತಕದಲ್ಲಿ ದೊಡ್ಡವರೆಲ್ಲ ‘ಅದ್ಭುತ’, ‘ಬಹಳ ಚೆನ್ನಾಗಿದೆ’ ಅಂತ ಬರೆದಿದ್ದರು. ನಮ್ಮವಳು ಬರೆದದ್ದು: ‘ಎಮ್ಮೆ ಕಣ್ಣಲ್ಲಿ ಒಂದು ಮನೆ ಕಾಣ್ತು. ಅದು ನಿಮ್ಮ ಮನೆನಾ?’ ಹುಡುಗ ಅದನ್ನು ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮನೆಯನ್ನು ಅವನು ನಿಜವಾಗಿಯೂ ಬರೆದಿದ್ದನಂತೆ, ಕಡಲೆಕಾಳಿನಷ್ಟು. ಅಷ್ಟು ದಿನದಲ್ಲಿ ಬೇರೆ ಯಾರೂ ನೋಡಿರಲಿಲ್ಲ.

ಬಾಡಿಗೆಯ ಮಾತು ಬಂತಲ್ಲ, ಈಗ ಕಸ್ತೂರಬಾ ರಸ್ತೆಗೆ ಹೋಗೋಣ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್. ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ ಗೊತ್ತಲ್ಲ, ಅದರ ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ. ಶಾಲೆಯಿಂದ ಪ್ರವಾಸ ಬಂದವರು ಮ್ಯೂಸಿಯಂ ನೋಡಿ, ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಯಂತ್ರ ನೋಡಿ, ಇದನ್ನು ಬಿಟ್ಟು ಬಸ್ಸು ಹತ್ತಿಬಿಡುತ್ತಾರೆ. ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ. ಹುಡುಗನ ಕೈಚಳಕ ಕಂಡು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಕಳಿಸಿದರು. ಅಲ್ಲಿ ಗುರುಗಳು ಅವನೀಂದ್ರನಾಥ ಠಾಕೂರರು, ಜೊತೆಯಲ್ಲಿ ಕಲಿತವರು ನಂದಲಾಲ್ ಬೋಸ್. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣ ಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರಗಳನ್ನು ಬರೆದವರಲ್ಲಿ ಇವರೂ ಒಬ್ಬರು. ಊಟಿಯ ಬೆಟ್ಟ, ಮಂಜು, ಮರಗಳನ್ನು ಜಲವರ್ಣದಲ್ಲಿ ಎಷ್ಟು ನವಿರಾಗಿ ಬರೆದಿದ್ದಾರೆಂದರೆ, ಹತ್ತಿರ ನಿಂತರೆ ಚಳಿಯಾದೀತು ಅನ್ನಿಸುತ್ತದೆ. ಗಾರೆಯಂಥ ಬಿಳಿಯ ಪ್ಲಾಸ್ಟರಿನಲ್ಲಿ ಉಬ್ಬುಚಿತ್ರ ಮಾಡುತ್ತಿದ್ದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಮದುವೆಯಾಗಲಿಲ್ಲ.

ಮಹಾ ಶಿಸ್ತಿನ ಮನುಷ್ಯ, ಹಾಗೆಯೇ ಮಹಾ ಸ್ವಾಭಿಮಾನಿ. ಮೈಸೂರು ಅರಮನೆಗೆ ಮಾಡಿಕೊಟ್ಟ ಕೆಲಸದ ಸಂಭಾವನೆಗಾಗಿ ಸರ್ಕಾರದ ಮೇಲೆಯೇ ಮೊಕದ್ದಮೆ ಹೂಡಿದರು. ಆ ಕಾಲದಲ್ಲಿ, ಆಸ್ಥಾನದ ಆಶ್ರಯದಲ್ಲಿ ಬೆಳೆದವರೊಬ್ಬರು ಹೀಗೆ ನ್ಯಾಯಾಲಯಕ್ಕೆ ಹೋಗುವುದು ಸಣ್ಣ ಮಾತಲ್ಲ. ಕಲಾವಿದನಿಗೆ ಹೊಗಳಿಕೆ ಸಾಕು, ದುಡ್ಡು ಯಾಕೆ ಅನ್ನುವವರು ಇವತ್ತಿಗೂ ಇದ್ದಾರೆ. ಮದುವೆ ಮನೆಯಲ್ಲಿ ಹಾಡಿದವಳಿಗೆ ಬರೀ ಎಲೆ ಅಡಿಕೆ ಕೊಟ್ಟು ಕಳಿಸುವವರು ಅವರೇ.

1965ರಲ್ಲಿ ಅವರು ತೀರಿಕೊಂಡ ಮೇಲೆ, ಎಪ್ಪತ್ತರ ದಶಕದಲ್ಲಿ ಅವರ ಹೆಸರಿನ ಈ ಗ್ಯಾಲರಿ ಬಂತು. ಒಳಗೆ ಅವರ ಕೃತಿಗಳಿವೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ದೇಶಕ್ಕೆಲ್ಲ ಹೆಸರಾದ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇವೆ. ಇವುಗಳಷ್ಟೇ ಮುಖ್ಯವಾದದ್ದು ಇನ್ನೊಂದು. ಹೊಸಬರು ಕಡಿಮೆ ಬಾಡಿಗೆಗೆ ತಮ್ಮ ಚಿತ್ರ ತೂಗುಹಾಕುವ ಹಾಲ್‌ಗಳು ಅಲ್ಲಿದ್ದವು. ಬೆಂಗಳೂರಿನ ಎಷ್ಟೋ ಕಲಾವಿದರ ಮೊದಲ ಪ್ರದರ್ಶನ ಆದದ್ದು ಅಲ್ಲೇ.

2016ರಲ್ಲಿ ಇದೇ ಗ್ಯಾಲರಿಯ ಮುಂದೆ ಒಂದು ಜಗಳ ನಡೆಯಿತು. ಗ್ಯಾಲರಿಯನ್ನು ಹೊಸದಾಗಿ ಕಟ್ಟಿ ನಡೆಸುವ ಹೊಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಸರ್ಕಾರ ಒಪ್ಪಂದ ಮಾಡಿಕೊಂಡಿತ್ತು. ಕಲಾವಿದರು ಬೇಡ ಅಂದರು. ಹಿರಿಯರು, ವಿದ್ಯಾರ್ಥಿಗಳು, ಒಬ್ಬರ ಚಿತ್ರ ಇನ್ನೊಬ್ಬರಿಗೆ ಹಿಡಿಸದವರು ಕೂಡ ಒಟ್ಟಿಗೆ ನಿಂತರು. ಇನ್ನೊಂದು ಕಡೆಯವರ ಮಾತನ್ನೂ ಹೇಳಬೇಕು. ಕಟ್ಟಡದ ಆರೈಕೆ ಚೆನ್ನಾಗಿರಲಿಲ್ಲ ಅನ್ನುವುದು ನಿಜ. ದೊಡ್ಡ ಸಂಗ್ರಹ, ಒಳ್ಳೆಯ ವ್ಯವಸ್ಥೆ ಬಂದರೆ ಜನಕ್ಕೇ ಲಾಭ ಅನ್ನುವ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಆದರೆ ಸೋರುವ ಮನೆಗೆ ಹೆಂಚು ಹೊದಿಸಬೇಕು, ಮನೆಯನ್ನೇ ಬಿಟ್ಟುಕೊಡಬಾರದು ಅನ್ನುವುದು ನನ್ನ ಲೆಕ್ಕ. ಸರ್ಕಾರಿ ಆಸ್ಪತ್ರೆ, ಸರ್ಕಾರಿ ಶಾಲೆಯ ಹಾಗೆ ಸರ್ಕಾರಿ ಗೋಡೆಯೂ ಒಂದು ಊರಿಗೆ ಬೇಕು. ಮೊದಲ ಸಲ ಚಿತ್ರ ತೂಗುಹಾಕುವ ಹುಡುಗ ಹುಡುಗಿಯರು ಬೇರೆಲ್ಲಿ ಹೋಗಬೇಕು?

ಕೊನೆಗೆ ಆ ಯೋಜನೆ ನಿಂತಿತು. ಸ್ವಾರಸ್ಯವೆಂದರೆ, 2023ರ ಫೆಬ್ರವರಿಯಲ್ಲಿ ಅದೇ ಕಸ್ತೂರಬಾ ರಸ್ತೆಯಲ್ಲೇ ಮ್ಯಾಪ್ ಅನ್ನುವ ಖಾಸಗಿ ಕಲಾ ವಸ್ತುಸಂಗ್ರಹಾಲಯ ಬೇರೆ ಜಾಗದಲ್ಲಿ, ಹೊಸ ಕಟ್ಟಡದಲ್ಲಿ ತೆರೆಯಿತು. ಹೊರಗೆಲ್ಲ ಉಕ್ಕಿನ ಹಾಳೆ ಹೊದಿಸಿದ್ದಾರೆ. ನೀರಿನ ಟ್ಯಾಂಕ್ ಇದ್ದ ಹಾಗಿದೆ ಅಂದಳು ನನ್ನ ಮೊಮ್ಮಗಳು. ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದೂ ಅದೇ ಟ್ಯಾಂಕಂತೆ! ಈಗ ಅದೂ ಇದೆ, ಇದೂ ಇದೆ. ಎರಡನ್ನೂ ನೋಡಿ ಬನ್ನಿ.

ಗೋಡೆ ಅಂದಾಗ ಗಾಂಧಿನಗರದವರಿಗೆ ನೆನಪಾಗುವುದು ಬೇರೆಯೇ ಚಿತ್ರ. ಕಪಾಲಿ, ಸಾಗರ್, ಸಂತೋಷ್, ನರ್ತಕಿ, ತ್ರಿವೇಣಿ. ಈ ಥಿಯೇಟರುಗಳ ಮುಂದೆ ನಿಲ್ಲುತ್ತಿದ್ದ ಕಟೌಟುಗಳು! ಮೂರು ನಾಲ್ಕು ಮಹಡಿಯಷ್ಟು ಎತ್ತರದ ರಾಜಕುಮಾರ್. ಆ ಮುಖ ಬರೆದವರು ಯಾರೂ ಗ್ಯಾಲರಿಯಲ್ಲಿ ದೀಪ ಹಚ್ಚಿದವರಲ್ಲ. ಕೈಯಲ್ಲಿ ಅಂಗೈಯಗಲದ ಒಂದು ಫೋಟೊ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದ ಚೌಕಗಳು. ಪ್ಲೈವುಡ್ಡಿನ ಮೇಲೂ ಅಷ್ಟೇ ಚೌಕ, ಆದರೆ ಒಂದೊಂದೂ ಊಟದ ಎಲೆಯಷ್ಟಗಲ. ಈ ಚೌಕದಲ್ಲಿ ಇದ್ದದ್ದನ್ನು ಆ ಚೌಕಕ್ಕೆ ದಾಟಿಸುತ್ತ ಹೋಗುವುದು. ಒಂದು ಹಲಗೆಯಲ್ಲಿ ಬರೀ ಮೂಗು, ಇನ್ನೊಂದರಲ್ಲಿ ಅರ್ಧ ಮೀಸೆ. ಬರೆಯುವಾಗ ಪೂರ್ತಿ ಮುಖ ಅವರ ಕಣ್ಣಿಗೇ ಕಾಣುತ್ತಿರಲಿಲ್ಲ. ಸರ್ವೆ ಮರದ ಕಂಬ ಕಟ್ಟಿ ಹಲಗೆಗಳನ್ನು ಜೋಡಿಸಿ ಎತ್ತಿ ನಿಲ್ಲಿಸಿದಾಗಲೇ ಗೊತ್ತಾಗಬೇಕು, ನಗು ನಗುವಾಗಿದೆಯೋ ಇಲ್ಲವೋ ಅಂತ. ಬಿಡುಗಡೆಯ ಹಿಂದಿನ ರಾತ್ರಿ ನಮ್ಮ ಯಜಮಾನರು ಊಟ ಮುಗಿಸಿ ಕಟೌಟು ನಿಲ್ಲಿಸುವುದನ್ನು ನೋಡಲು ಹೋದರೆ, ಬರುತ್ತಿದ್ದದ್ದು ಹನ್ನೆರಡರ ಮೇಲೆ.

ಆಮೇಲೆ ಫ್ಲೆಕ್ಸ್ ಬಂತು. ಮಿಷನ್ನು ಗಂಟೆಗಳಲ್ಲಿ ಅಚ್ಚು ಹಾಕಿ ಕೊಡುವುದಕ್ಕೆ ಕೈಯಲ್ಲಿ ವಾರಗಟ್ಟಲೆ ಯಾಕೆ ಬರೆಸುತ್ತಾರೆ? ಕುಂಚ ಹಿಡಿದವರ ಕೆಲಸ ಹೋಯಿತು. 2009ರ ಸುಮಾರಿಗೆ ನಗರಪಾಲಿಕೆಯವರು ಊರಿನ ಗೋಡೆಗಳನ್ನು ಚಂದ ಮಾಡಲು ಇಂಥ ಪೇಂಟರುಗಳನ್ನು ಕರೆಸಿದರು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಆನೆ, ಹುಲಿ, ಜಲಪಾತ ರಸ್ತೆಯುದ್ದಕ್ಕೂ ಮೂಡಿದವು. ಇದೇನು ಕ್ಯಾಲೆಂಡರ್ ಚಿತ್ರ ಅಂತ ಮೂಗು ಮುರಿದ ಕಲಾಪಂಡಿತರೂ ಇದ್ದರು. ಇರಲಿ ಬಿಡಿ. ಬಸ್ಸಿನ ಕಿಟಕಿಯಿಂದ ಆ ಹುಲಿ ನೋಡಿ ಎಷ್ಟು ಮಕ್ಕಳು ಅಳು ನಿಲ್ಲಿಸಿದ್ದಾರೋ ಲೆಕ್ಕ ಇಟ್ಟವರಿಲ್ಲ.

ಗೋಡೆಯೂ ಬೇಡ, ಗುಂಡಿಯೇ ಸಾಕು ಅಂದವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಾವಾದಲ್ಲಿ ಕಲಿತವರು. 2015ರಲ್ಲಿ ಸುಲ್ತಾನಪಾಳ್ಯದಲ್ಲಿ ರಸ್ತೆ ಒಡೆದು ನೀರು ನಿಂತಿತ್ತು. ರಾತ್ರೋರಾತ್ರಿ ಇವರು ಗುಂಡಿಯನ್ನು ಕೆರೆಯ ಹಾಗೆ ಮಾಡಿ, ಅದರಲ್ಲಿ ಜೀವಂತ ಅನ್ನಿಸುವ ಒಂದು ಮೊಸಳೆಯ ಬೊಂಬೆ ಬಿಟ್ಟರು. ಊರೆಲ್ಲ ಮೊಸಳೆ ನೋಡಲು ಬಂತು. ಗುಂಡಿ ಮುಚ್ಚುವವರೂ ಬಂದರು. 2019ರಲ್ಲಿ, ಚಂದ್ರಯಾನ-2ರ ದಿನಗಳಲ್ಲಿ, ಗಗನಯಾತ್ರಿಯ ಉಡುಪಿನಲ್ಲಿ ಒಬ್ಬರು ಚಂದ್ರನ ಮೇಲೆ ಮೆಲ್ಲಮೆಲ್ಲಗೆ ಹೆಜ್ಜೆ ಇಡುವ ವಿಡಿಯೊ ಮಾಡಿದರು. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ತಿಳಿಯುವುದು, ಅದು ಚಂದ್ರನಲ್ಲ, ನಮ್ಮೂರ ರಸ್ತೆ!

ಇಲ್ಲಿಯವರೆಗೆ ಹೇಳಿದ್ದೆಲ್ಲ ಎಲ್ಲರಿಗೂ ಅರ್ಥವಾಗುತ್ತದೆ. ಇನ್ನು ಅರ್ಥವಾಗದ ಚಿತ್ರಗಳ ವಿಷಯ. ಅಜ್ಜಂದಿರು ಗ್ಯಾಲರಿಯಿಂದ ಹೊರಗೆ ಬರುತ್ತ ‘ಇದಕ್ಕೇನರ್ಥ?’ ಅಂತ ಗೊಣಗುವುದು ಇಲ್ಲೇ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಪಕ್ಕದ ಶೇಷಾದ್ರಿಪುರದಲ್ಲಿ ಕೆನ್ ಕಲಾಶಾಲೆ ಇದೆ. ಬಾದಾಮಿಯಿಂದ ಬಂದ ಆರ್.ಎಂ. ಹಡಪದ್ ಮೇಷ್ಟ್ರು ಕಟ್ಟಿದ ಶಾಲೆ. ಅಲ್ಲಿ ಕಲಿತವರಲ್ಲಿ ಒಬ್ಬರು ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಬಣ್ಣ, ಕುಂಚದಲ್ಲಿ ಒಳ್ಳೆಯ ಚಿತ್ರ ಬರೆಯುತ್ತಿದ್ದವರು ತೊಂಬತ್ತರ ದಶಕದಲ್ಲಿ ಸೆಗಣಿ ಹಿಡಿದರು. ಹೌದು, ಸೆಗಣಿಯೇ. ಆಮೇಲೆ ದಾರ, ಸೂಜಿ, ಕುಂಕುಮ. ಸೂಜಿಯ ಕಣ್ಣಲ್ಲಿ ಉದ್ದುದ್ದ ದಾರ ಪೋಣಿಸಿ, ಅಂಥ ದಾರಗಳನ್ನೆಲ್ಲ ಒಟ್ಟುಮಾಡಿ, ಅಂಟಿನಲ್ಲಿ ಕಲಸಿದ ಕುಂಕುಮ ಬಳಿದು ಹಗ್ಗದಂತೆ ಮಾಡಿ ಇಡೀ ಕೋಣೆಯಲ್ಲಿ ಇಳಿಬಿಟ್ಟರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ಅದನ್ನು ಜರ್ಮನಿಯಲ್ಲೂ ಪ್ರದರ್ಶಿಸಿದ್ದಾರೆ.

ನಮ್ಮ ಮನೆಯಲ್ಲಿ ಈ ವಿಷಯ ಬಂದಾಗ ಯಜಮಾನರು ನಕ್ಕುಬಿಟ್ಟರು. ‘ಸೆಗಣಿ ತಟ್ಟಿದ್ದೆಲ್ಲ ಕಲೆಯಾದರೆ ನಮ್ಮಮ್ಮ ದೊಡ್ಡ ಕಲಾವಿದೆ’ ಅಂದರು.

‘ಆಗಿದ್ರೋ ಏನೋ ತಾತ, ಯಾರು ನೋಡಿದ್ರು?’ ಅಂತ ಮೊಮ್ಮಗಳು.

ಯಜಮಾನರು ಸುಮ್ಮನಾದರು. ಅವರ ತಾಯಿ, ಅಂದರೆ ನನ್ನ ಅತ್ತೆ, ದಿನಾ ನಸುಕಿನಲ್ಲಿ ಎದ್ದು ಅಂಗಳ ಸಾರಿಸುತ್ತಿದ್ದರು. ಕೈಬಳೆ ಮೇಲೆ ಸರಿಸಿ, ಅರ್ಧಚಂದ್ರದ ಹಾಗೆ ಕೈ ಆಡಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಒಣಗಿದ ಮೇಲೆ ನೆಲದ ತುಂಬ ಬೆರಳಿನ ಗೆರೆಗಳು ಮೀನಿನ ಹೊರೆಯಂತೆ ಕಾಣುತ್ತಿದ್ದವು. ಅದರ ಮೇಲೆ ರಂಗೋಲಿ. ಮಧ್ಯಾಹ್ನದ ಹೊತ್ತಿಗೆ ಎಲ್ಲ ತುಳಿದು ಅಳಿಸಿಹೋಗುತ್ತಿತ್ತು. ಒಂದು ಫೋಟೊ ಕೂಡ ಇಲ್ಲ. ಶೀಲಾ ಅವರ ದಾರ, ಕುಂಕುಮ, ಸೆಗಣಿ ನೋಡಿದಾಗ ನನಗೆ ಅತ್ತೆಯ ಕೈ ಕಾಣುತ್ತದೆ. ಬೇರೆಯವರಿಗೆ ಬೇರೆ ಏನೋ ಕಾಣಬಹುದು. ಅರ್ಥ ಕೇಳುವ ಮುಂಚೆ ಎರಡು ನಿಮಿಷ ನಿಂತು ನೋಡಿ. ಅಷ್ಟಾದ ಮೇಲೂ ಹಿಡಿಸದಿದ್ದರೆ ‘ನನಗೆ ಹಿಡಿಸಲಿಲ್ಲ’ ಅನ್ನಿ. ಅದಕ್ಕೂ ಯಾರ ಅಡ್ಡಿಯಿಲ್ಲ. ನನಗೂ ಎಷ್ಟೋ ಹಿಡಿಸುವುದಿಲ್ಲ. ಟಿ.ವಿ. ಪರದೆ ಇಟ್ಟು ಕತ್ತಲೆಯಲ್ಲಿ ಅರ್ಧ ಗಂಟೆ ಒಂದೇ ಶಬ್ದ ಕೇಳಿಸುವ ಪ್ರದರ್ಶನದಿಂದ ನಾನು ಐದು ನಿಮಿಷಕ್ಕೇ ಎದ್ದು ಬಂದಿದ್ದೇನೆ.

ಅಳುಕು ಇರುವವರಿಗೆ ಸುಲಭದ ಬಾಗಿಲು ಚಿತ್ರಸಂತೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಚಿತ್ರಕಲಾ ಪರಿಷತ್ತಿನವರು ಜನವರಿಯ ಮೊದಲ ಭಾನುವಾರದ ಹೊತ್ತಿಗೆ ಇದನ್ನು ನಡೆಸುತ್ತಾರೆ. ಅವತ್ತು ಕುಮಾರಕೃಪಾ ರಸ್ತೆಯಲ್ಲಿ ವಾಹನವಿಲ್ಲ. ಸಾವಿರಕ್ಕೂ ಹೆಚ್ಚು ಕಲಾವಿದರು ಬೇರೆ ಬೇರೆ ರಾಜ್ಯಗಳಿಂದ ಬಂದು ರಸ್ತೆಯ ಎರಡೂ ಬದಿ ಚಿತ್ರ ಒರಗಿಸಿ ಕೂರುತ್ತಾರೆ. ಟಿಕೆಟ್ಟಿಲ್ಲ. 2024ರ ಸಂತೆಯನ್ನು ನಮ್ಮ ಇಸ್ರೋ ವಿಜ್ಞಾನಿಗಳಿಗೆ ಅರ್ಪಿಸಿದ್ದರು. ಮಂಡಿನೋವಿನ ಅಜ್ಜ ಅಜ್ಜಿಯರು ಬೆಳಗ್ಗೆ ಬೇಗ ಹೋಗಿಬಿಡಿ. ಹನ್ನೊಂದರ ಮೇಲೆ ಕಡಲೆಕಾಯಿ ಪರಿಷೆಯಷ್ಟು ಜನ. ನೀರಿನ ಬಾಟಲಿ, ಟೋಪಿ ಇರಲಿ. ಮಕ್ಕಳ ಜೇಬಿನಲ್ಲಿ ಮನೆಯ ಫೋನ್ ನಂಬರು ಬರೆದ ಚೀಟಿ ಇರಲಿ. ಚೌಕಾಸಿ ಮಾಡುವುದಾದರೆ ಮೊದಲು ಚಿತ್ರ ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಕೇಳಿ. ಉತ್ತರ ಕೇಳಿದ ಮೇಲೂ ಬಾಯಿ ಬಂದರೆ ಚೌಕಾಸಿ ಮಾಡಿ.

ಸಂತೆಗೆ ಕಾಯಲಾಗದವರು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ ಹೋಗಬಹುದು. 2009ರಿಂದ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಹಳೆಯ ದೊಡ್ಡ ಮರಗಳ ನೆರಳಿದೆ, ಕೂರಲು ಜಾಗವಿದೆ. ಸೋಮವಾರ ರಜೆ. ಬಸವನಗುಡಿಯವರಿಗೆ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ ನಡೆದುಹೋಗುವಷ್ಟು ಹತ್ತಿರ. 1945ರಿಂದ ಇರುವ ಸಂಸ್ಥೆ. ಉಪನ್ಯಾಸ, ಗ್ರಂಥಾಲಯದ ಜೊತೆಗೆ ಚಿತ್ರ ಪ್ರದರ್ಶನವೂ ನಡೆಯುತ್ತದೆ.

ಈ ವಾರದ ಕೆಲಸ: ಮನೆಯಲ್ಲಿರುವ ತಾತನದೋ ಅಜ್ಜಿಯದೋ ಒಂದು ಹಳೇ ಫೋಟೊದ ಜೆರಾಕ್ಸ್ ತೆಗೆಸಿ. ಫೋಟೊದ ಮೇಲೇ ಗೀಚಬೇಡಿ, ಬೈಸಿಕೊಳ್ಳುತ್ತೀರಿ. ಜೆರಾಕ್ಸಿನ ಮೇಲೆ ಒಂದೊಂದು ಸೆಂಟಿಮೀಟರಿನ ಚೌಕ ಎಳೆಯಿರಿ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಷ್ಟೇ ಸಂಖ್ಯೆಯ ಚೌಕಗಳನ್ನು ಐದೈದು ಸೆಂಟಿಮೀಟರಿಗೆ ಎಳೆಯಿರಿ. ಒಂದು ಸಲಕ್ಕೆ ಒಂದೇ ಚೌಕ ನೋಡಿ, ಉಳಿದದ್ದನ್ನು ಕಾಗದದಿಂದ ಮುಚ್ಚಿಕೊಳ್ಳಿ. ಮೂಗು ಅಂತ ಬರೆಯಬೇಡಿ, ಗೆರೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಷ್ಟನ್ನೇ ಬರೆಯಿರಿ. ಗಾಂಧಿನಗರದ ಕಟೌಟು ಪೇಂಟರುಗಳು ಮಾಡುತ್ತಿದ್ದದ್ದು ಇದನ್ನೇ. ಮುಗಿದ ಮೇಲೆ ತಾತನ ಮುಂದೆ ಹಿಡಿಯಿರಿ. ‘ಇದ್ಯಾರೋ?’ ಅಂದರೆ ಇನ್ನೊಂದು ಕ್ಯಾಲೆಂಡರ್ ಹುಡುಕಿ. ಬಿಡಿಸಿದ್ದನ್ನು ಮಡಿಸದೆ, ಸುರುಳಿ ಸುತ್ತಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಚಾಮರಾಜಪೇಟೆಯ ಪುಟ್ಟಿ, ನಿನ್ನದು ಮೊದಲು ಬರಲಿ. ಲಕೋಟೆಯ ಮೇಲೆ ಒಂದು ಕೆಂಪು ಚುಕ್ಕೆ ಇಡು, ನನಗೆ ಗುರುತು ಸಿಗುತ್ತದೆ.